ರಾಲ್ಫ್ ವಾನ್ ವಿಲಿಯಮ್ಸ್

ರಾಲ್ಫ್ ವಾನ್ ವಿಲಿಯಮ್ಸ್ (12 ಅಕ್ಟೋಬರ್ 1872 – 26 ಆಗಸ್ಟ್ 1958) ಇಂಗ್ಲೆಂಡಿನ ಪ್ರಸಿದ್ಧ ಸಂಗೀತ ಸಂಯೋಜಕರು. ಇವರ ಮೊದಲ ಹೆಸರನ್ನು 'ರೇಫ್' ಎಂದು ಉಚ್ಚರಿಸುವುದು ರೂಢಿ. ಒಂಬತ್ತು ಸಿಂಫನಿಗಳು, ಗೀತನಾಟಕಗಳು, ವೃಂದಗಾನ ಕೃತಿಗಳು ಮತ್ತು ಚಲನಚಿತ್ರ ಸಂಗೀತವನ್ನು ರಚಿಸಿದ ಇವರು ಇಂಗ್ಲಿಷ್ ಜನಪದ ಗೀತೆಗಳ ಸಂಗ್ರಾಹಕರಾಗಿಯೂ ಹೆಸರಾದವರು. 1954ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ನೀಡಿದ ಉಪನ್ಯಾಸಗಳು ಇವರ ಸಂಗೀತ ಚಿಂತನೆಯ ಸಾರವೆನಿಸಿವೆ.

ಬಾಲ್ಯ ಮತ್ತು ಶಿಕ್ಷಣ

ಇವರು ಗ್ಲಾಸ್ಟರ್‌ಶೈರಿನ ಡೌನ್ ಆಂಪ್ನಿ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಆರ್ಥರ್ ಅಲ್ಲಿನ ಚರ್ಚಿನ ಪಾದ್ರಿಯಾಗಿದ್ದರು. 1875ರಲ್ಲಿ ತಂದೆ ತೀರಿಕೊಂಡಾಗ ತಾಯಿ ಮಾರ್ಗರೆಟ್ ಮಕ್ಕಳೊಡನೆ ಸರ್ರಿ ಪ್ರಾಂತದ ಲೀತ್ ಹಿಲ್ ಪ್ಲೇಸ್ ಎಂಬ ತವರುಮನೆಗೆ ಹಿಂತಿರುಗಿದರು. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ತಾಯಿಯ ಸೋದರಮಾವ. ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಮತ್ತು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಶಿಕ್ಷಣ ಪಡೆದ ಇವರು ಪ್ಯಾರಿ ಮತ್ತು ಸ್ಟ್ಯಾನ್‌ಫರ್ಡ್ ಅವರ ಶಿಷ್ಯರಾಗಿದ್ದರು. ಮುಂದೆ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಬ್ರೂಖ್ ಅವರಲ್ಲಿಯೂ ಪ್ಯಾರಿಸ್ಸಿನಲ್ಲಿ ತಮಗಿಂತ ಕಿರಿಯರಾದ ರಾವೆಲ್ ಅವರಲ್ಲಿಯೂ ಅಭ್ಯಾಸ ಮಾಡಿದರು. 1897ರಲ್ಲಿ ಆಡೆಲೀನ್ ಫಿಶರ್ ಅವರನ್ನು ವಿವಾಹವಾದರು.

ಜನಪದ ಗೀತೆಗಳ ಸಂಗ್ರಹ

1903ರ ಡಿಸೆಂಬರಿನಲ್ಲಿ ಎಸೆಕ್ಸ್ ಪ್ರಾಂತದ ಹಳ್ಳಿಯೊಂದರಲ್ಲಿ ವೃದ್ಧ ಕೂಲಿಕಾರನೊಬ್ಬ ಹಾಡಿದ ಹಾಡು ಇವರ ಸಂಗೀತಜೀವನದ ದಿಕ್ಕನ್ನೇ ಬದಲಿಸಿತು. ಬರೆದಿಡದಿದ್ದರೆ ಇಂತಹ ಹಾಡುಗಳು ಹಾಡುಗಾರರ ಜೊತೆಯಲ್ಲಿಯೇ ಮಣ್ಣು ಸೇರುವುದನ್ನು ಅರಿತ ಇವರು ಊರೂರು ಸುತ್ತಿ 800ಕ್ಕೂ ಹೆಚ್ಚು ಹಾಡುಗಳನ್ನು ಸಂಗ್ರಹಿಸಿದರು. 1906ರಲ್ಲಿ ಪ್ರಕಟವಾದ 'ಇಂಗ್ಲಿಷ್ ಹಿಮ್ನಲ್' ಎಂಬ ಪ್ರಾರ್ಥನಾಗೀತೆಗಳ ಸಂಕಲನಕ್ಕೆ ಸಂಗೀತ ಸಂಪಾದಕರಾಗಿ, ಅದರಲ್ಲಿ ಇಂತಹ ಅನೇಕ ಧಾಟಿಗಳನ್ನು ಸೇರಿಸಿದರು. ಸಂಗೀತವು ವೃತ್ತಿಪರರ ಸೊತ್ತಲ್ಲ, ಜನಸಾಮಾನ್ಯರು ತಾವೇ ಹಾಡಬೇಕೆಂಬುದು ಇವರ ನಂಬಿಕೆ. ಅದರಂತೆ 1905ರಿಂದ 1953ರವರೆಗೆ ಲೀತ್ ಹಿಲ್ ಸಂಗೀತೋತ್ಸವದಲ್ಲಿ ಹವ್ಯಾಸಿ ಗಾಯಕ ವೃಂದಗಳನ್ನು ನಿರ್ದೇಶಿಸಿದರು.

ಯುದ್ಧ ಮತ್ತು ಚಲನಚಿತ್ರ ಸಂಗೀತ

ಮೊದಲನೆಯ ಮಹಾಯುದ್ಧ ಆರಂಭವಾದಾಗ 42ರ ಅಂಚಿನಲ್ಲಿದ್ದ ಇವರು ಸ್ವಯಂಪ್ರೇರಣೆಯಿಂದ ಸೈನ್ಯದ ವೈದ್ಯಕೀಯ ದಳಕ್ಕೆ ಸಾಮಾನ್ಯ ಸೈನಿಕರಾಗಿ ಸೇರಿದರು. ಅನಂತರ ಫಿರಂಗಿದಳದಲ್ಲಿ ಅಧಿಕಾರಿಯಾದರು. ಆತ್ಮೀಯ ಮಿತ್ರ, ಸಂಯೋಜಕ ಜಾರ್ಜ್ ಬಟರ್‌ವರ್ತ್ 1916ರಲ್ಲಿ ರಣರಂಗದಲ್ಲಿ ಮಡಿದರು. ತೋಪುಗಳ ಸದ್ದು ಇವರ ಕಿವಿಗೆ ಮಾಡಿದ ಹಾನಿ ವೃದ್ಧಾಪ್ಯದಲ್ಲಿ ಕಿವುಡುತನವಾಗಿ ಕಾಡಿತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರುವ ವಯಸ್ಸು ಮೀರಿತ್ತು. ಬಂಧನ ಶಿಬಿರಗಳಲ್ಲಿದ್ದ ಪರದೇಶದ ನಿರಾಶ್ರಿತ ಸಂಗೀತಗಾರರ ಬಿಡುಗಡೆಗಾಗಿ ಇವರು ಶ್ರಮಿಸಿದರು. ಇದೇ ಸಂದರ್ಭದಲ್ಲಿ ಸಂಗೀತ ನಿರ್ದೇಶಕ ಮ್ಯೂರ್ ಮ್ಯಾಥಿಸನ್ ಅವರ ಕೋರಿಕೆಯಂತೆ, ಮೈಕಲ್ ಪೊವೆಲ್ ನಿರ್ದೇಶನದ 'ಫಾರ್ಟಿ ನೈಂತ್ ಪ್ಯಾರಲಲ್' (1941) ಚಿತ್ರಕ್ಕೆ ಸಂಗೀತ ರಚಿಸಿದರು. ಇದು ಇವರ ಮೊದಲ ಚಿತ್ರ. ಸೆಕೆಂಡುಗಳ ಲೆಕ್ಕದಲ್ಲಿ ಸಂಗೀತ ಬರೆಯುವ ಶಿಸ್ತನ್ನು ಇವರು ಹೊರೆಯೆಂದು ಭಾವಿಸದೆ ಉತ್ತಮ ತರಬೇತಿಯೆಂದು ಪರಿಗಣಿಸಿದರು. ಪಾತ್ರಗಳ ಪ್ರತಿಯೊಂದು ಚಲನೆಗೂ ಸಂಗೀತವನ್ನು ಹೊಂದಿಸುವುದಕ್ಕಿಂತ ದೃಶ್ಯದ ಒಟ್ಟು ಭಾವವನ್ನು ಗಾಢವಾಗಿಸುವ ಅಖಂಡ ಸಂಗೀತವೇ ಮೇಲೆಂಬುದು ಇವರ ಅಭಿಪ್ರಾಯ.

'ಸ್ಕಾಟ್ ಆಫ್ ದಿ ಅಂಟಾರ್ಕ್ಟಿಕ್' (1948) ಇವರ ಚಿತ್ರಗಳಲ್ಲಿ ಮುಖ್ಯವಾದುದು. ಹಿಮಖಂಡದ ಭೀಕರ ಒಂಟಿತನವನ್ನು ಚಿತ್ರಿಸಲು ರಚಿಸಿದ ಈ ಸಂಗೀತವನ್ನೇ ವಿಸ್ತರಿಸಿ ಏಳನೆಯ ಸಿಂಫನಿಯಾದ 'ಸಿನ್ಫೋನಿಯಾ ಅಂಟಾರ್ಟಿಕ'ವನ್ನು ರೂಪಿಸಿದರು. ಪದಗಳಿಲ್ಲದ ಸ್ತ್ರೀಕಂಠಗಳು, ಆರ್ಗನ್ ಹಾಗೂ ಗಾಳಿಯ ಸದ್ದು ಹೊರಡಿಸುವ ಯಂತ್ರ ಇದರಲ್ಲಿವೆ. 1953ರ ಜನವರಿಯಲ್ಲಿ ಮ್ಯಾಂಚೆಸ್ಟರಿನಲ್ಲಿ ಜಾನ್ ಬಾರ್ಬಿರೋಲಿ ಅವರ ನಿರ್ದೇಶನದಲ್ಲಿ ಇದು ಮೊದಲ ಬಾರಿಗೆ ಪ್ರಸ್ತುತವಾಯಿತು.

ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ

ದೀರ್ಘಕಾಲ ಸಂಧಿವಾತದಿಂದ ನರಳಿದ ಪತ್ನಿ ಆಡೆಲೀನ್ 1951ರಲ್ಲಿ ನಿಧನರಾದರು. 1953ರ ಫೆಬ್ರವರಿಯಲ್ಲಿ ಕವಯಿತ್ರಿ ಅರ್ಸುಲಾ ವುಡ್ ಅವರನ್ನು ವಿವಾಹವಾಗಿ ಇವರು ಲಂಡನ್ನಿಗೆ ಬಂದು ನೆಲೆಸಿದರು. ಮರುವರ್ಷ ಒದಗಿದ ಕಾರ್ನೆಲ್ ಆಹ್ವಾನದ ಹಿಂದೆ ಆಗ ಅಲ್ಲಿ ಬೋಧಿಸುತ್ತಿದ್ದ ಇಂಗ್ಲಿಷ್ ಗಾಯಕ ಕೀತ್ ಫಾಕ್ನರ್ ಇದ್ದರು. 1954ರ ಸೆಪ್ಟೆಂಬರಿನಲ್ಲಿ ವೂಸ್ಟರ್ ನಗರದಲ್ಲಿ ತಮ್ಮ 'ಹೋಡಿಯೆ' ಎಂಬ ವೃಂದಗಾನ ಕೃತಿಯ ಪ್ರಥಮ ಪ್ರಯೋಗವನ್ನು ಸ್ವತಃ ನಿರ್ದೇಶಿಸಿದ ಬಳಿಕ ದಂಪತಿಗಳು ಅಮೆರಿಕಕ್ಕೆ ತೆರಳಿದರು.

ಅಮೆರಿಕ ಇವರಿಗೆ ಹೊಸದಾಗಿರಲಿಲ್ಲ. 1932ರಲ್ಲಿ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸಗಳು 'ನ್ಯಾಷನಲ್ ಮ್ಯೂಸಿಕ್' (1934) ಎಂಬ ಗ್ರಂಥವಾಗಿದ್ದವು. ಆದರೆ ಈ ಬಾರಿ ವಯಸ್ಸು 82, ಕಿವಿ ಮಂದವಾಗಿತ್ತು. ಆದರೂ ಇವರು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ವಿಶ್ವವಿದ್ಯಾನಿಲಯಕ್ಕಷ್ಟೇ ಸೀಮಿತರಾಗದೆ ಲಾಸ್ ಏಂಜಲೀಸ್‌ವರೆಗೂ ಪ್ರಯಾಣಿಸಿ ಉಪನ್ಯಾಸ ನೀಡಿದರು. ಗ್ರ್ಯಾಂಡ್ ಕ್ಯಾನ್ಯನ್ ಕಮರಿಯನ್ನೂ ಕಂಡರು. ಯೇಲ್ ವಿಶ್ವವಿದ್ಯಾನಿಲಯವು ಹೌಲ್ಯಾಂಡ್ ಸ್ಮಾರಕ ಪುರಸ್ಕಾರ ನೀಡಿ ಇವರನ್ನು ಗೌರವಿಸಿತು.

ಕಾರ್ನೆಲ್ ಉಪನ್ಯಾಸಗಳು 'ದಿ ಮೇಕಿಂಗ್ ಆಫ್ ಮ್ಯೂಸಿಕ್' ಎಂಬ ಹೆಸರಿನಲ್ಲಿ 1955ರಲ್ಲಿ ಪ್ರಕಟವಾದವು. ಮನುಷ್ಯ ಏಕೆ ಹಾಡುತ್ತಾನೆ, ಸಂಗೀತ ಹೇಗೆ ಹುಟ್ಟುತ್ತದೆ ಎಂಬ ಮೂಲಭೂತ ಪ್ರಶ್ನೆಗಳನ್ನು ಇಲ್ಲಿ ಸರಳವಾಗಿ ಚರ್ಚಿಸಲಾಗಿದೆ. ಭಾವೋದ್ರೇಕದಿಂದ ಕೂಡಿದ ಮಾತೇ ಹಾಡಿಗೆ ಮೂಲ, ಕಾಗದದ ಮೇಲಿನ ಸ್ವರಲಿಪಿ ಸಂಗೀತವಲ್ಲ, ಕೇಳಿಸಿದಾಗ ಮಾತ್ರ ಅದು ಸಂಗೀತ ಎಂಬ ವಿಚಾರಗಳನ್ನು ಇವರು ಪ್ರತಿಪಾದಿಸಿದರು. ಸಂಯೋಜಕನಾದವನು ಪರದೇಶದ ಶೈಲಿಯನ್ನು ಅನುಕರಿಸದೆ ತನ್ನ ನೆಲದ ಜನರ ನಡುವೆ ಬೇರು ಬಿಡಬೇಕೆಂಬುದು ಅರ್ಧ ಶತಮಾನದ ಹಿಂದೆ ಹಳ್ಳಿಯ ಕೂಲಿಕಾರನಿಂದ ಕಲಿತ ಪಾಠ; ಅದನ್ನೇ ಇಲ್ಲಿ ಹೊಸ ಪೀಳಿಗೆಗೆ ದಾಟಿಸಿದರು.

ಕೊನೆಯ ವರ್ಷಗಳು

ಅಮೆರಿಕದಿಂದ ಮರಳಿದ ಮೇಲೂ ಇವರ ಲೇಖನಿ ನಿಲ್ಲಲಿಲ್ಲ. ಎಂಟನೆಯ ಸಿಂಫನಿ 1956ರ ಮೇ ತಿಂಗಳಲ್ಲಿಯೂ ಒಂಬತ್ತನೆಯದು 1958ರ ಏಪ್ರಿಲ್‌ನಲ್ಲಿಯೂ ಮೊದಲ ಬಾರಿಗೆ ಪ್ರಸ್ತುತವಾದವು. ತಮ್ಮ ಕೃತಿಗಳ ಪ್ರದರ್ಶನದಿಂದ ಬರುವ ಗೌರವಧನವನ್ನು ಇತರ ಸಂಗೀತಗಾರರಿಗೆ ನೆರವಾಗಲೆಂದು 1956ರಲ್ಲಿ ಸ್ಥಾಪಿಸಿದ ನಿಧಿಗೆ ವಹಿಸಿಕೊಟ್ಟರು. 1935ರಲ್ಲಿ 'ಆರ್ಡರ್ ಆಫ್ ಮೆರಿಟ್' ಗೌರವವನ್ನು ಸ್ವೀಕರಿಸಿದ್ದ ಇವರು 'ಸರ್' ಪದವಿಯನ್ನು ಮಾತ್ರ ನಿರಾಕರಿಸಿದ್ದರು.

1958ರ ಆಗಸ್ಟ್ 26ರ ಮುಂಜಾವದಲ್ಲಿ ಇವರು ಲಂಡನ್ನಿನ ತಮ್ಮ ಮನೆಯಲ್ಲಿ ನಿಧನರಾದರು. ಅದೇ ದಿನ ಏಡ್ರಿಯನ್ ಬೋಲ್ಟ್ ಅವರ ನಿರ್ದೇಶನದಲ್ಲಿ ಒಂಬತ್ತನೆಯ ಸಿಂಫನಿಯ ಧ್ವನಿಮುದ್ರಣ ಆರಂಭವಾಗಬೇಕಿತ್ತು, ಇವರೂ ಅಲ್ಲಿ ಉಪಸ್ಥಿತರಿರಬೇಕಿತ್ತು. ಧ್ವನಿಮುದ್ರಣವನ್ನು ನಿಲ್ಲಿಸದೆ ಅವರ ಸ್ಮರಣೆಯಲ್ಲಿ ಪೂರ್ಣಗೊಳಿಸಲಾಯಿತು. ಇವರ ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಸಂಯೋಜಕ ಪರ್ಸೆಲ್ ಅವರ ಸಮಾಧಿಯ ಸಮೀಪ ಇರಿಸಲಾಗಿದೆ. ಅರ್ಸುಲಾ ಅವರು ಬರೆದ ಇವರ ಜೀವನಚರಿತ್ರೆ 1964ರಲ್ಲಿ ಪ್ರಕಟವಾಯಿತು.