ಬೂದಿಕೋಟೆಯ ಹುಡುಗ ಶುರು ಮಾಡಿದ ಅರಮನೆ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ ಇರೋ ಬೇಸಿಗೆ ಅರಮನೆಯನ್ನ ನಾವೆಲ್ಲ ಟಿಪ್ಪು ಅರಮನೆ ಅಂತಾನೇ ಕರೀತೀವಿ. ಆದರೆ ಅದರ ಕೆಲಸ ಶುರು ಮಾಡಿಸಿದವನು ನಮ್ಮ ಕೋಲಾರ ಸೀಮೆಯವನು, ಟಿಪ್ಪುವಿನ ಅಪ್ಪ ಹೈದರಾಲಿ. ಅದು ಮುಗಿದಿದ್ದನ್ನ ಅವನು ನೋಡಲೇ ಇಲ್ಲ.

ಟೇಕಲ್‌ನಿಂದ ಬಂಗಾರಪೇಟೆ ದಾಟಿ ಹೋದರೆ ಬೂದಿಕೋಟೆ ಸಿಗುತ್ತೆ. ಸುಮಾರು 1721ರ ಹೊತ್ತಿಗೆ ಹೈದರ್ ಹುಟ್ಟಿದ್ದು ಅಲ್ಲೇ. ಅವನಿನ್ನೂ ಚಿಕ್ಕವನಿದ್ದಾಗ ಅಪ್ಪ ಫತೇ ಮುಹಮ್ಮದ್ ಯುದ್ಧದಲ್ಲಿ ಸತ್ತ, ಮನೆಯವರು ಕಷ್ಟಕ್ಕೆ ಬಿದ್ದರು. ಹುಡುಗನಿಗೆ ಓದು ಬರಹ ಹತ್ತಲಿಲ್ಲ, ಕೊನೆಯವರೆಗೂ ಬರಲಿಲ್ಲ. ಅಣ್ಣನ ಹಿಂದೆ ಮೈಸೂರು ಸೈನ್ಯ ಸೇರಿದ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿಸಿದ ಧೈರ್ಯ ದೊಡ್ಡವರ ಕಣ್ಣಿಗೆ ಬಿತ್ತು.

1755ರಲ್ಲಿ ಅವನನ್ನ ದಿಂಡಿಗಲ್‌ಗೆ ಫೌಜುದಾರನಾಗಿ ಕಳಿಸಿದರು. ಅಲ್ಲಿ ಫ್ರೆಂಚ್ ಕುಶಲಕರ್ಮಿಗಳನ್ನ ಇಟ್ಟುಕೊಂಡು ಫಿರಂಗಿ, ಮದ್ದುಗುಂಡಿನ ಕಾರ್ಖಾನೆ ನಡೆಸಿದ. ತನಗೆ ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿರೋರನ್ನ ಹುಡುಕಿ ತರೋದು ಅವನ ದೊಡ್ಡ ವಿದ್ಯೆ. 1761ರ ವೇಳೆಗೆ ಮೈಸೂರಿನ ಆಡಳಿತವೆಲ್ಲ ಅವನ ಕೈಯಲ್ಲಿತ್ತು. ಒಡೆಯರು ಹೆಸರಿಗೆ ಮಾತ್ರ ಸಿಂಹಾಸನದ ಮೇಲಿದ್ದರು.

ಕೆಂಪೇಗೌಡರ ಕಾಲದ ಮಣ್ಣಿನ ಕೋಟೆಯನ್ನ ಅವನು ಕಲ್ಲಿನಲ್ಲಿ ಕಟ್ಟಿಸಿದ. 1760ರಲ್ಲಿ ಲಾಲ್‌ಬಾಗ್ ಶುರುವಾಯಿತು. ಸಿರಾದ ಮೊಘಲ್ ತೋಟದ ಮಾದರಿ ಅವನ ಮನಸ್ಸಲ್ಲಿತ್ತು. ದೂರದೂರದಿಂದ ಗಿಡ ತರಿಸಿದ. ಆಗ ಸುಮಾರು 40 ಎಕರೆ ಇದ್ದ ತೋಟ ಈಗ 240 ಎಕರೆ ಆಗಿದೆ.

ತೋಟ ಹಾಕಿಸಿದ ಇದೇ ಮನುಷ್ಯನ ಬದುಕು ಹೆಚ್ಚಾಗಿ ಕಳೆದಿದ್ದು ಕುದುರೆ ಮೇಲೆ. 1768ರಲ್ಲಿ ಕಂಪನಿ ಸೈನ್ಯ ಕೋಲಾರ, ಮುಳಬಾಗಿಲುಗಳನ್ನ ಹಿಡಿಯಿತು, ಮುಳಬಾಗಿಲಿನ ಬಂಡೆಗಳ ನಡುವೆ ಘೋರ ಕಾಳಗವಾಯಿತು. ಮುಂದಿನ ವರ್ಷ ಹೈದರ್ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತ; ಕಂಪನಿ ಒಪ್ಪಂದಕ್ಕೆ ಬರಲೇಬೇಕಾಯಿತು.

1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಮೈಸೂರಿನ ರಾಕೆಟ್‌ಗಳು ಹೆಸರು ಮಾಡಿದವು. ಇದರ ಗುಟ್ಟು ನಮ್ಮ ಮೆಕ್ಯಾನಿಕಲ್ ಹುಡುಗರಿಗೆ ಬೇಗ ಅರ್ಥವಾಗುತ್ತೆ. ಕಾಗದ, ಬಿದಿರಿನ ಕೊಳವೆ ಹೆಚ್ಚು ಒತ್ತಡ ತಾಳಲ್ಲ. ಕಬ್ಬಿಣದ ಕೊಳವೆಯಾದರೆ ಮದ್ದನ್ನ ಬಿಗಿಯಾಗಿ ತುಂಬಬಹುದು, ರಾಕೆಟ್ ದೂರ ಹೋಗುತ್ತೆ. ಮುಂದೆ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ರಾಕೆಟ್‌ಗಳಿಗೆ ಇವೇ ಮಾದರಿಯಾದವು. ಅದೇ ದಂಡಯಾತ್ರೆಯಲ್ಲಿ ಕರ್ನಾಟಿಕ್ ಸೀಮೆಯ ಎಷ್ಟೋ ಊರುಗಳು ಸುಟ್ಟುಹೋದವು, ರೈತರು ದಿಕ್ಕಾಪಾಲಾದರು. ಅವನ ಕಥೆ ಹೇಳುವಾಗ ಇದನ್ನೂ ಹೇಳಬೇಕು.

1781ರಲ್ಲಿ, ಯುದ್ಧ ನಡೀತಿರುವಾಗಲೇ, ಬೆಂಗಳೂರು ಕೋಟೆಯೊಳಗೆ ಅರಮನೆ ಕೆಲಸ ಆರಂಭವಾಯಿತು. ಹೈದರ್‌ಗೆ ಆಗ ಅರವತ್ತರ ಹತ್ತಿರ ವಯಸ್ಸು. ಬೆನ್ನ ಮೇಲೆ ಎದ್ದ ಹುಣ್ಣು ಅವನನ್ನ ಹಣ್ಣು ಮಾಡಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಅವನು ಬರುವ ತನಕ ಸೈನ್ಯ ಒಡೆಯಬಾರದು ಅಂತ ಅಧಿಕಾರಿಗಳು ಸಾವನ್ನ ಮುಚ್ಚಿಟ್ಟರು. ದೇಹವನ್ನ ಗುಟ್ಟಾಗಿ ಕೋಲಾರಕ್ಕೆ ತಂದು, ಅಪ್ಪನ ಸಮಾಧಿಯ ಬಳಿ ಇಟ್ಟರು. ಆಮೇಲೆ ಅದು ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಯಿತು. ಹುಟ್ಟಿದ ಸೀಮೆಗೆ ಅವನು ಕೊನೇ ಸಲ ಬಂದಿದ್ದು ಹೀಗೆ, ಯಾರಿಗೂ ಗೊತ್ತಾಗದ ಹಾಗೆ.

ಅರಮನೆಯನ್ನ ಟಿಪ್ಪು 1791ರಲ್ಲಿ ಮುಗಿಸಿದ. ಅದೇ ವರ್ಷ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಕೋಟೆ ಗೆದ್ದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಅರಮನೆ ಬ್ರಿಟಿಷರ ಕಚೇರಿಯಾಯಿತು. 1868ರಲ್ಲಿ ಕಚೇರಿಗಳು ಅಠಾರಾ ಕಚೇರಿಗೆ ಹೋದವು.

ಒಂದು ಭಾನುವಾರ ಟೇಕಲ್‌ನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಹೋಗಿಬನ್ನಿ. ಮಾರ್ಕೆಟ್ ಗದ್ದಲ ಕಿವಿಯಲ್ಲಿರುವಾಗಲೇ ಹುಲ್ಲುಹಾಸಿನ ಸಣ್ಣ ತೋಟ, ಅದರಾಚೆ ಎರಡಂತಸ್ತಿನ ಕಟ್ಟಡ ಕಾಣುತ್ತೆ. ಪಕ್ಕದಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಸ್ಥಾನ ಇದೆ. ಅರಮನೆ ಒಳಗೆ ಸೆಲ್ಫಿಗೆ ಮುಂಚೆ ಒಂದು ಕಂಬದ ಬುಡ ನೋಡಿ. ಎತ್ತರದ ತೇಗದ ಕಂಬಗಳನ್ನ ನೆಲಕ್ಕೆ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದಾರೆ. ನೆಲದ ತೇವ ಮರಕ್ಕೆ ಏರೋದಿಲ್ಲ. ಮೇಲ್ಗಡೆ ಕಮಾನು, ಗೋಡೆಗಳಲ್ಲಿ ಮಾಸಿದ ಹೂಬಳ್ಳಿ ಬಣ್ಣ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸೆಕೆಗಾಲದಲ್ಲೂ ತಂಪು ಗೊತ್ತಾಗುತ್ತೆ.

ಅಲ್ಲಿಂದ ಲಾಲ್‌ಬಾಗ್‌ಗೂ ಹೋಗಿ. ಹೈದರ್ ಗೆದ್ದ ನಾಡು 1799ಕ್ಕೇ ಕೈತಪ್ಪಿತು. ಅವನು ನೆಡಿಸಿದ ತೋಟಕ್ಕೆ ಮಾತ್ರ ಆಮೇಲೆ ಬಂದವರೆಲ್ಲ ಒಂದೊಂದು ಗಿಡ ಸೇರಿಸುತ್ತಾ ಹೋದರು.