ಸಿಲಿಕಾನ್‌ಗೂ ಬೆಳಕು ತೋರಿದ ರಾಮನ್

ಗಣಕಯಂತ್ರದ ಜೀವಾಳವಾದ ಸಿಲಿಕಾನ್‌ಗೆ ದೊಡ್ಡದೊಂದು ಕೊರತೆಯಿದೆ. ವಿದ್ಯುತ್ತನ್ನು ಚೆನ್ನಾಗಿ ನಿಯಂತ್ರಿಸಬಲ್ಲ ಅದು ತಾನಾಗಿ ಬೆಳಕು ಸೂಸುವುದು ಅತ್ಯಲ್ಪ. ಚಿಪ್‌ಗಳ ನಡುವೆ ತಾಮ್ರದ ತಂತಿಯ ಬದಲು ಬೆಳಕಿನಲ್ಲಿ ಮಾಹಿತಿ ಸಾಗಿಸಬಯಸಿದ ವಿಜ್ಞಾನಿಗಳನ್ನು ಈ ತೊಡಕು ಬಹುಕಾಲ ಕಾಡಿತು. ಅದಕ್ಕೆ ಮೊದಲ ಉತ್ತರ ದೊರೆತದ್ದು 1928ರಲ್ಲಿ ಸರ್ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮದಲ್ಲಿ.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದ ಚಂದ್ರಶೇಖರ ವೆಂಕಟ ರಾಮನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆ ಸೇರಿದರು. ಹಗಲು ಕಚೇರಿಯ ಲೆಕ್ಕಪತ್ರ. ಮುಂಜಾನೆ, ರಾತ್ರಿ ಬೌಬಜಾರಿನ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯ. 1917ರಲ್ಲಿ ಕೈತುಂಬ ಸಂಬಳದ ಆ ಹುದ್ದೆಯನ್ನು ತೊರೆದು, ಕಡಿಮೆ ವೇತನದ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು.

1921ರ ಹಡಗಿನ ಪಯಣದಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಬೆಳಕಿನ ಚದುರುವಿಕೆಯ ಅಧ್ಯಯನದತ್ತ ಸೆಳೆಯಿತು. ಒಂದೇ ಬಣ್ಣದ ಬೆಳಕು ವಸ್ತುವಿನೊಳಗೆ ಹಾಯುವಾಗ ಅದರ ಅತ್ಯಲ್ಪ ಅಂಶ ಬಣ್ಣ ಬದಲಿಸಿ ಹೊರಬರುತ್ತದೆ. ಅಣುಗಳ ಕಂಪನದೊಡನೆ ನಡೆಯುವ ಶಕ್ತಿಯ ಕೊಡುಕೊಳ್ಳುವಿಕೆಯೇ ಇದಕ್ಕೆ ಕಾರಣ. ಕೆ.ಎಸ್. ಕೃಷ್ಣನ್ ಅವರೊಡನೆ 1928ರ ಫೆಬ್ರುವರಿ 28ರಂದು ಖಚಿತಪಡಿಸಿಕೊಂಡ ಈ ಶೋಧಕ್ಕೆ 1930ರ ನೊಬೆಲ್ ಪ್ರಶಸ್ತಿ ಸಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದ ರಾಮನ್, ಆಡಳಿತ ಮಂಡಲಿಯೊಡನೆ ಭಿನ್ನಾಭಿಪ್ರಾಯ ಮೂಡಿ 1937ರಲ್ಲಿ ಆ ಸ್ಥಾನ ಬಿಟ್ಟರು. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಉಳಿದರು. ಬಳಿಕ ಮೈಸೂರು ಸಂಸ್ಥಾನ ನೀಡಿದ್ದ ಭೂಮಿಯಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಸರ್ಕಾರದ ಹಣದೊಡನೆ ನಿರ್ಬಂಧಗಳೂ ಬರುವುವೆಂಬ ಅಳುಕಿನಿಂದ ದಾನಿಗಳ ನೆರವನ್ನೇ ನೆಚ್ಚಿದರು. 1954ರಲ್ಲಿ ಭಾರತರತ್ನ ಪಡೆದ ಅವರು 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಸಂಸ್ಥೆಯ ಆವರಣದಲ್ಲೇ ಅಂತ್ಯಕ್ರಿಯೆ ನಡೆಯಿತು.

34 ವರ್ಷಗಳ ತರುವಾಯ, 2004ರಲ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಾಮನ್ ಪರಿಣಾಮವನ್ನು ಬಳಸಿ, ಬಿಟ್ಟು ಬಿಟ್ಟು ಬೆಳಗುವ ಸಿಲಿಕಾನ್ ಲೇಸರನ್ನು ಸಾಧಿಸಿದರು. ಸಿಲಿಕಾನ್‌ನಲ್ಲಿ ಈ ಪರಿಣಾಮ ಗಾಜಿನ ಎಳೆಗಿಂತ ಸಾವಿರಾರು ಪಟ್ಟು ಪ್ರಬಲ. ತೀವ್ರ ಬೆಳಕಿಗೆ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳು ಮಾತ್ರ ಆ ಬೆಳಕನ್ನೇ ಹೀರಿಬಿಡುತ್ತಿದ್ದವು. ಅವುಗಳನ್ನು ವಿದ್ಯುತ್ ಕ್ಷೇತ್ರದಿಂದ ಹೊರಸೆಳೆದು, ಇಂಟೆಲ್ ಸಂಶೋಧಕರು 2005ರಲ್ಲಿ ನಿರಂತರ ಲೇಸರನ್ನೂ ಪಡೆದರು.

ಈ ಲೇಸರ್‌ಗೆ ಹೊರಗಿನ ಮತ್ತೊಂದು ಲೇಸರ್ ಶಕ್ತಿಯೂಡಬೇಕು. ಆದ್ದರಿಂದ ಮಾರುಕಟ್ಟೆಗೆ ಬಂದ ಬೆಳಕಿನ ಚಿಪ್‌ಗಳು ಇಂಡಿಯಂ ಫಾಸ್ಫೈಡ್‌ನಂತಹ ವಸ್ತುಗಳನ್ನು ಆಶ್ರಯಿಸಿದವು. ಆದರೂ ಸಿಲಿಕಾನ್ ಬೆಳಕನ್ನು ವರ್ಧಿಸಬಲ್ಲದೆಂಬ ನಂಬಿಕೆ ಹುಟ್ಟಿದ್ದು, ಲಾಭವನ್ನೆಣಿಸದೆ ಕಡಲಿನ ನೀಲಿಗೆ ಕಾರಣ ಹುಡುಕಹೊರಟ ವಿಜ್ಞಾನಿಯ ಶೋಧದಿಂದ.