ಚಂದ್ರನಿಗೆ ಹೋಗೋ ಮುಂಚೆ ಮೆಲಿಯೆಸ್ ಕೋರ್ಟಿಗೆ ಹೋಗಿದ್ದ

ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಕೊಂಡಿರೋ ಚಿತ್ರ ನಿಮ್ಮ ಫೀಡ್‌ನಲ್ಲಿ ಒಮ್ಮೆಯಾದರೂ ಬಂದಿರುತ್ತೆ. 1902ರ ಆ ಸಿನಿಮಾ ಮಾಡಿದ ಜಾರ್ಜ್ ಮೆಲಿಯೆಸ್‌ನನ್ನು ಜಗತ್ತು ಜಾದೂಗಾರ ಅಂತ ನೆನೆಯುತ್ತೆ. ನನಗೆ ಹೆಚ್ಚು ಇಷ್ಟವಾಗೋದು 1899ರ ಮೆಲಿಯೆಸ್.

ಹುಟ್ಟಿದ್ದು 1861ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪನದು ಬೂಟು ಕಾರ್ಖಾನೆ, ಮಗನಿಗೆ ಅದು ಬೇಡ. 1888ರಲ್ಲಿ ಜಾದೂ ರಂಗಮಂದಿರವೊಂದನ್ನು ಕೊಂಡ. ಜನರಲ್ ಬುಲಾಂಜೆ ಎಂಬ ಜನಪ್ರಿಯ ಸೇನಾನಾಯಕ ಅಧಿಕಾರಕ್ಕೆ ಹವಣಿಸುತ್ತಿದ್ದಾಗ, ಬೇರೆ ಹೆಸರಲ್ಲಿ ಆತನ ವಿರುದ್ಧ ವ್ಯಂಗ್ಯಚಿತ್ರ ಬರೆದ. 1895ರ ಡಿಸೆಂಬರ್‌ನಲ್ಲಿ ಲೂಮಿಯೇರ್ ಸಹೋದರರ, ಒಂದು ನಿಮಿಷವೂ ಇಲ್ಲದ ಚಿತ್ರಗಳನ್ನು ನೋಡಿ ಬೆರಗಾದ. ಅವರು ಯಂತ್ರ ಮಾರಲು ಒಪ್ಪಲಿಲ್ಲ. ಲಂಡನ್‌ನಿಂದ ಪ್ರೊಜೆಕ್ಟರ್ ತರಿಸಿ, ಅದರ ಜಾಡು ಹಿಡಿದು ಸ್ವಂತ ಕ್ಯಾಮೆರಾ ಮಾಡಿಕೊಂಡ. ಇಂಜಿನಿಯರಿಂಗ್ ಓದಿದ ನನಗೆ ಈ ಹಟ ಚೆನ್ನಾಗಿ ಅರ್ಥವಾಗುತ್ತೆ.

ಆಗ ಫ್ರಾನ್ಸ್ ಎರಡು ಹೋಳಾಗಿತ್ತು. ಯಹೂದಿ ಸೇನಾಧಿಕಾರಿ ಆಲ್ಫ್ರೆಡ್ ಡ್ರೈಫಸ್ ಜರ್ಮನಿಗೆ ಗುಟ್ಟು ಮಾರಿದನೆಂಬ ಸುಳ್ಳು ಆರೋಪ ಹೊರಿಸಿ, 1894ರಲ್ಲಿ ಶಿಕ್ಷೆ ಕೊಟ್ಟು ದೂರದ ದ್ವೀಪಕ್ಕೆ ಅಟ್ಟಿದ್ದರು. ಅವನ ಪರ ಮಾತಾಡಿದವರಿಗೆ ದೇಶದ್ರೋಹಿ ಪಟ್ಟ. ಕೇಳಿದಂಗಿದೆ ಅಲ್ವಾ? 1899ರಲ್ಲಿ ರೆನ್ ಊರಲ್ಲಿ ಮರುವಿಚಾರಣೆ ನಡೆದಾಗ, ಅದು ಇನ್ನೂ ಬಿಸಿಯಾಗಿರುವಾಗಲೇ ಮೆಲಿಯೆಸ್ 11 ಕಿರುಚಿತ್ರಗಳ ಸರಣಿ ಮಾಡಿದ. ಒಂದೊಂದೂ ಸುಮಾರು ಒಂದು ನಿಮಿಷ. ಡ್ರೈಫಸ್ ಪಾತ್ರಕ್ಕೆ ಅವನನ್ನೇ ಹೋಲುವ ಕಬ್ಬಿಣದ ಕೆಲಸಗಾರ. ವಕೀಲ ಲಬೋರಿಯ ಪಾತ್ರಕ್ಕೆ ಖುದ್ದು ಮೆಲಿಯೆಸ್. ಆ ಲಬೋರಿಗೆ ವಿಚಾರಣೆ ನಡುವೆಯೇ ಬೀದಿಯಲ್ಲಿ ಗುಂಡು ಹಾರಿಸಿದ್ದರು, ಅದೂ ಸರಣಿಯಲ್ಲಿದೆ. ಇನ್ನೊಂದರಲ್ಲಿ ಎರಡು ಬಣದ ಪತ್ರಕರ್ತರು ಕೋರ್ಟಿನಲ್ಲೇ ಬಡಿದಾಡಿ ಕ್ಯಾಮೆರಾದತ್ತ ನುಗ್ಗುತ್ತಾರೆ.

ಇವು ಮರುಸೃಷ್ಟಿ, ಸುದ್ದಿಯ ದಾಖಲೆಯಲ್ಲ. ನಕಲಿ ವಿಡಿಯೊಗಳ ಕಾಲದಲ್ಲಿ ಈ ಫರಕನ್ನು ನಾವು ಬಿಡಬಾರದು. ಆದರೆ ಟಿಕೆಟ್ ಕೊಳ್ಳುವವರಲ್ಲಿ ಡ್ರೈಫಸ್ ವಿರೋಧಿಗಳೂ ಬೇಕಾದಷ್ಟಿದ್ದರು. ಜಾದೂ ಚಿತ್ರ ಮಾಡಿಕೊಂಡು ತಣ್ಣಗಿರಬಹುದಿತ್ತು. ಮೆಲಿಯೆಸ್ ಹಾಗಿರಲಿಲ್ಲ. ಸರಪಳಿಯಲ್ಲಿದ್ದ ಕೈದಿಯನ್ನು ಘನತೆಯಿಂದ ತೋರಿಸಿದ.

ಕೋರ್ಟು ಮತ್ತೆ ತಪ್ಪಿತಸ್ಥ ಎಂದಿತು. ಡ್ರೈಫಸ್‌ಗೆ ಮೊದಲು ಕ್ಷಮಾದಾನ, 1906ರಲ್ಲಷ್ಟೇ ಸಂಪೂರ್ಣ ಬಿಡುಗಡೆ, ಜೊತೆಗೆ ಲೀಜನ್ ಆಫ್ ಆನರ್ ಗೌರವ. ಮೆಲಿಯೆಸ್‌ನನ್ನು ದೊಡ್ಡ ಕಂಪನಿಗಳ ಪೈಪೋಟಿ ಮತ್ತು ಸಾಲ ಮುಳುಗಿಸಿದವು. 1923ರಲ್ಲಿ ರಸ್ತೆ ವಿಸ್ತರಣೆಗಾಗಿ ರಂಗಮಂದಿರ ಕೆಡವಿದರು. ಆ ವರ್ಷವೇ ತನ್ನ ನೆಗೆಟಿವ್‌ಗಳನ್ನು ತಾನೇ ಸುಟ್ಟ. ಆಮೇಲೆ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಅಂಗಡಿ. ಅದೇ ಲೀಜನ್ ಆಫ್ ಆನರ್ ಆತನಿಗೆ ಸಿಕ್ಕಿದ್ದು 1931ರಲ್ಲಿ. 1938ರಲ್ಲಿ ತೀರಿಕೊಂಡ.

ಮಾಡಿದ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಉಳಿದಿರೋದು ಸುಮಾರು 200. ಡ್ರೈಫಸ್ ಸರಣಿಯ ಬಹುಪಾಲು ಅದರಲ್ಲಿದೆ. ಚಂದ್ರನನ್ನು ನೋಡಿ ಆಗಿದ್ದರೆ, ಇದಕ್ಕೊಂದು ಹತ್ತು ನಿಮಿಷ ಕೊಡಿ.